ಮಂಗಳೂರಲ್ಲಿ ಮೂರು ರಾತ್ರಿ: ಸದ್ದಿಲ್ಲದ ಸಾಧಾರಣ ಲಾಡ್ಜ್ ಇದ್ದರೆ ಹೇಳಿ

ನಾಲೆದಡ (ಪಾಂಡವಪುರ), ಜುಲೈ 4

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮಂಗಳೂರಿನ ಕಾಲೇಜಲ್ಲಿ ಸೀಟು ಸಿಕ್ಕಿದೆ. 13ನೇ ತಾರೀಕು ಅವಳನ್ನು ಹಾಸ್ಟೆಲಿಗೆ ಬಿಡಬೇಕು. ನಾನು, ನಮ್ಮ ಯಜಮಾನರು, ಮಗಳು, ಒಟ್ಟು ಮೂರು ಜನ. ಫೀಸು, ಹಾಸಿಗೆ, ಬಕೆಟ್ಟು, ಬ್ಯಾಂಕು ಅಂತ ಓಡಾಟ ಇದೆ. ಅದಕ್ಕೆ ಮೂರು ರಾತ್ರಿ ಉಳಿಯಬೇಕು.

ದೊಡ್ಡ ಜಾಗ ಬೇಡ. ದಿನಕ್ಕೆ ಹದಿನೈದು ನೂರರ ಒಳಗಿದ್ದರೆ ಸಾಕು. ಮಂಚ, ಫ್ಯಾನು, ಬಿಸಿನೀರು, ಒಗೆದ ಬೆಡ್‌ಶೀಟು. ಆದರೆ ಸದ್ದು ಮಾತ್ರ ಇರಬಾರದು. ನಮ್ಮವರ ನಿದ್ದೆ ಬಹಳ ಸೂಕ್ಷ್ಮ. ನಮ್ಮ ಮನೆ ನಾಲೆ ಏರಿಯ ಪಕ್ಕ. ನೀರು ಬಿಟ್ಟಾಗ ತೂಬಿನ ಹತ್ತಿರ ಭೋರ್ ಅಂತಿರುತ್ತದೆ. ಅದಕ್ಕೆ ಹಾಯಾಗಿ ಗೊರಕೆ ಹೊಡೆಯುವ ಮನುಷ್ಯ, ಬೀದಿಯಲ್ಲಿ ಒಂದು ಬೈಕು ಹೋದರೆ ಎದ್ದು ಕೂರುತ್ತಾರೆ. ಹೋದ ವರ್ಷ ಬೆಂಗಳೂರಿಗೆ ನೆಂಟರ ಮದುವೆಗೆ ಹೋಗಿದ್ದೆವು. ಎರಡು ರಾತ್ರಿ ನಿದ್ದೆಗೆಟ್ಟು, ಧಾರೆ ಹೊತ್ತಿಗೆ ಕುರ್ಚಿಯಲ್ಲೇ ತೂಕಡಿಸಿದರು. ಮದುವೆ ಆಲ್ಬಮ್ಮಿನಲ್ಲೂ ಹಾಗೇ ಬಿದ್ದಿದ್ದಾರೆ.

ಸಮುದ್ರದ ಪಕ್ಕ ಹಿಡಿದರೆ ಗಲಾಟೆ ಕಮ್ಮಿ ಇರುತ್ತದಾ? ನಾವ್ಯಾರೂ ಕಡಲ ಊರಲ್ಲಿ ರಾತ್ರಿ ಉಳಿದವರಲ್ಲ.

ಮೆಟ್ಟಿಲುಸಾವಿರ (ಮೈಸೂರು)

ಸದ್ದಿಲ್ಲದ ಜಾಗ ಹುಡುಕಿಕೊಂಡು ಪಾಂಡವಪುರದಿಂದ ಮಂಗಳೂರಿಗೆ ಹೋಗುವವರನ್ನು ಇವತ್ತೇ ನೋಡಿದ್ದು. ತಮಾಷೆಗೆ ಅಂದೆ ಅಕ್ಕ, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಒಳ್ಳೆಯದಾಗಲಿ.

ಒಂದು ಮಾತು. ಆಟೋದವರ ಹತ್ತಿರ "ಒಳ್ಳೆ ಹೋಟೆಲ್" ಅಂತ ಕೇಳಬೇಡಿ, "ಲಾಡ್ಜ್" ಅನ್ನಿ. ನಾನು ಹೋಟೆಲ್ ಅಂದಿದ್ದಕ್ಕೆ ದೋಸೆ ಹಾಕುವ ಕಡೆ ತಂದು ಇಳಿಸಿದ. ಬ್ಯಾಗು ಕಾಲಡಿ ಇಟ್ಟುಕೊಂಡು ಎರಡು ಪ್ಲೇಟ್ ನೀರ್‌ದೋಸೆ ತಿಂದು ಎದ್ದೆ. ದೋಸೆ ಏನೋ ಚೆನ್ನಾಗಿತ್ತು.

ಕುಡ್ಲದಸೊಸೆ

ನಾನು ಮೈಸೂರಿನ ಅಗ್ರಹಾರದವಳು. ಮದುವೆಯಾಗಿ ಮಂಗಳೂರಿಗೆ ಬಂದು 14 ವರ್ಷ ಆಯಿತು. ಆದರೂ ಮನೆಯಲ್ಲಿ ನಾನು "ಅಲ್ವಾ" ಅಂದರೆ ನಗುತ್ತಾರೆ, "ಅಲ್ಲವಾ ಮಾರಾಯ್ತಿ" ಅನ್ನಬೇಕಂತೆ.

ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಬೇಡವೇ ಬೇಡ. ಸಿಟಿ ಬಸ್ಸು, ಸರ್ವಿಸ್ ಬಸ್ಸು ಎಲ್ಲಾ ಅಲ್ಲಿಂದಲೇ ಹೊರಡುವುದು. ಇಲ್ಲಿಯ ಖಾಸಗಿ ಬಸ್ಸುಗಳ ಹಾರನ್ನು ನಮ್ಮ ಮೈಸೂರಿನ ಸಿಟಿ ಬಸ್ಸಿನ ಥರ ಅಲ್ಲ. ಕಂಡಕ್ಟರ್ ಬೇರೆ ಬಾಗಿಲಲ್ಲಿ ನೇತಾಡಿಕೊಂಡು ಊರೆಲ್ಲಾ ಕೂಗುತ್ತಾನೆ. ಹಂಪನಕಟ್ಟೆ ಅನುಕೂಲದ ಜಾಗ, ರೈಲು ನಿಲ್ದಾಣಕ್ಕೆ ಹತ್ತಿರ, ಆದರೆ ಮೆಯಿನ್ ರೋಡಿಗೆ ಮುಖ ಮಾಡಿದ ರೂಮು ತಗೊಂಡರೆ ಮುಗಿಯಿತು.

ನೀವು ಕೆಎಸ್‌ಆರ್‌ಟಿಸಿಯಲ್ಲಿ ಬಂದರೆ ಇಳಿಯುವುದು ಬಿಜೈಯಲ್ಲಿ. ಅಲ್ಲಿಂದ ಕದ್ರಿ ದೂರ ಇಲ್ಲ. ಕದ್ರಿ, ಬಿಜೈ, ಮಣ್ಣಗುಡ್ಡೆ, ಅತ್ತಾವರದ ಒಳರಸ್ತೆಗಳಲ್ಲಿ ಸಣ್ಣ ಸಣ್ಣ ಲಾಡ್ಜ್ ನೋಡಿ. ಒಳರಸ್ತೆ ಅನ್ನುವುದು ಮುಖ್ಯ. ಗುಡ್ಡದ ಊರು ಇದು. ಒಂದು ತಿರುವು ಹತ್ತಿ ಇಳಿದರೆ ಮೆಯಿನ್ ರೋಡು ಇತ್ತಾ ಅನ್ನುವಷ್ಟು ತಣ್ಣಗಿರುತ್ತದೆ.

ಒಂಟಿಕೊಪ್ಪಲ್‌ಹುಡುಗ

ಸಮುದ್ರದ ಪಕ್ಕ ಅನ್ನುವ ಆಸೆ ಬಿಡಿ ಅಕ್ಕ. ನಾನು ಬಿದ್ದ ಹಳ್ಳ ಅದು.

ಮೊಬೈಲಲ್ಲಿ "ಸೀ ವ್ಯೂ" ಅಂತ ನೋಡಿ ಒಂದು ಲಾಡ್ಜಿಗೆ ದುಡ್ಡು ಕಟ್ಟಿದ್ದೆ. ಹೆಸರು ಹೇಳುವುದಿಲ್ಲ. ರೂಮಿನ ಕಿಟಕಿ ತೆಗೆದರೆ ಎದುರು ಮನೆಯವರು ಬಟ್ಟೆ ಒಣಗಿಹಾಕಿದ್ದರು. "ಸಮುದ್ರ ಎಲ್ಲಪ್ಪ?" ಅಂದೆ. ಹುಡುಗ ಬನ್ನಿ ಅಂತ ಟೆರೇಸಿಗೆ ಕರೆದುಕೊಂಡು ಹೋದ. ನೀರಿನ ಟ್ಯಾಂಕಿನ ಏಣಿ ತೋರಿಸಿದ. ನಾಲ್ಕು ಮೆಟ್ಟಿಲು ಹತ್ತಿದ ಮೇಲೆ, "ಅಗೋ, ಆ ತೆಂಗಿನ ಮರದ ಸಂದಿಯಲ್ಲಿ ಬೆಳ್ಳಗೆ ಕಾಣ್ತದಲ್ಲ ಸಾರ್, ಅದೇ" ಅಂದ. ನನಗೆ ಕಂಡದ್ದು ಮೋಡ.

ಆಮೇಲೆ ಮ್ಯಾಪು ನೋಡಿದಾಗ ಗೊತ್ತಾಯಿತು. ಹಳೇ ಮಂಗಳೂರು ಇರುವುದು ಹೊಳೆಯ ದಡದಲ್ಲಿ, ನೇರ ಕಡಲಿನ ಮೇಲಲ್ಲ. ತೆಂಕಣಿಂದ ನೇತ್ರಾವತಿ, ಬಡಗಣಿಂದ ಗುರುಪುರ ಹೊಳೆ ಬಂದು ಒಟ್ಟಿಗೆ ಸಮುದ್ರ ಸೇರುತ್ತವೆ. ಊರಿಗೂ ಕಡಲಿಗೂ ನಡುವೆ ಹೊಳೆ, ಅದರಾಚೆ ಬೆಂಗ್ರೆ, ತಣ್ಣೀರುಬಾವಿ ಅನ್ನುವ ಮರಳಿನ ಪಟ್ಟಿ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುತ್ತಾರೆ. ಬತ್ತೇರಿ ನಮ್ಮ ಟಿಪ್ಪು ಕಾಲದ ಕಾವಲುಗೋಪುರ, 1784ರದ್ದು. ಶ್ರೀರಂಗಪಟ್ಟಣದ ಕಡೆಯವರು ಅಂತ ಹೇಳಿಕೊಂಡು ಅಲ್ಲೊಂದು ಫೋಟೋ ತೆಗೆಸಿಕೊಳ್ಳಿ.

ಪಣಂಬೂರು ನಿಜವಾದ ಕಡಲ ತೀರ, ಒಪ್ಪುತ್ತೇನೆ. ಆದರೆ ಪಕ್ಕದಲ್ಲೇ ನವಮಂಗಳೂರು ಬಂದರು. ಹೆದ್ದಾರಿ 66ರಲ್ಲಿ ರಾತ್ರಿಯಿಡೀ ಟ್ಯಾಂಕರು, ಲಾರಿ. ಅಲೆ ಸದ್ದು ಕೇಳುವ ಮೊದಲು ಏರ್‌ಬ್ರೇಕ್ ಸದ್ದು ಕೇಳುತ್ತದೆ.

ಹಳೇರಿಸೆಪ್ಷನ್ (ಕೆ.ಆರ್. ಪೇಟೆ)

ಅಕ್ಕ, ನಾನು ಮಂಗಳೂರಿನ ಒಂದು ಲಾಡ್ಜಿನಲ್ಲಿ ಎರಡು ವರ್ಷ ರೂಮ್‌ಬಾಯ್, ಆಮೇಲೆ ಒಂಬತ್ತು ವರ್ಷ ರಿಸೆಪ್ಷನ್ನಿನಲ್ಲಿ ಕೂತವನು. ಈಗ ಊರಲ್ಲಿ ಕಬ್ಬು ಮಾಡಿಕೊಂಡಿದ್ದೇನೆ. ಎಲ್ಲರೂ ಏರಿಯಾ ಹೇಳುತ್ತಿದ್ದಾರೆ. ಏರಿಯಾ ಆಮೇಲೆ, ಮೊದಲು ರೂಮು. ಒಂದೇ ಬಿಲ್ಡಿಂಗಿನಲ್ಲಿ 204 ಸಂತೆ, 211 ಮಠ. ಬಾಡಿಗೆ ಎರಡಕ್ಕೂ ಒಂದೇ. ಕೆಲವು ಕಡೆ ಸಂತೆಯ ರೂಮಿಗೇ ಜಾಸ್ತಿ, ಯಾಕೆಂದರೆ ಅದಕ್ಕೆ ಬಾಲ್ಕನಿ ಇರುತ್ತದೆ.

ಬೆಳಗಿನ ಜಾವ ಐದಕ್ಕೆ ಬಸ್ಸಿಳಿದು ಬರುವವರಿಗೆ ನಾವು ಯಾವ ಕೀ ಕೊಡುತ್ತಿದ್ದೆವು ಗೊತ್ತಾ? ಲಿಫ್ಟಿನ ಪಕ್ಕದ್ದು, ಇಲ್ಲಾ ಒಂದನೇ ಫ್ಲೋರಿನ ಮುಂದಿನದು. ಹುಡುಗ ಅರ್ಧ ನಿದ್ದೆಯಲ್ಲಿರುತ್ತಾನೆ, ದೂರ ನಡೆಯಲು ಸೋಮಾರಿತನ. ಗಿರಾಕಿಗೂ ಸುಸ್ತು, ಯಾವುದಾದರೂ ಸರಿ ಅಂತಾನೆ. ಆರು ಗಂಟೆಗೆ ಮೊದಲ ಬಸ್ಸಿನ ಹಾರನ್ನು ಹೊಡೆದಾಗ ಎದ್ದು ಬಂದು ನಮ್ಮನ್ನು ಬೈಯುತ್ತಾನೆ.

ಫೋನಿನಲ್ಲೇ ಹೇಳಿಬಿಡಿ: ಹಿಂದಿನ ಸೈಡು ಬೇಕು, ಎರಡು ಅಥವಾ ಮೂರನೇ ಫ್ಲೋರು, ಲಿಫ್ಟ್ ಪಕ್ಕ ಬೇಡ. ಹೋದಮೇಲೆ ಮತ್ತೆ ಅದನ್ನೇ ಹೇಳಿ, ಬರೆದುಕೊಂಡಿರುವುದಿಲ್ಲ. ರಿಜಿಸ್ಟರಿಗೆ ಸೈನ್ ಹಾಕುವ ಮೊದಲು ರೂಮು ತೋರಿಸಿ ಅನ್ನಿ. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಮುಖ ಸ್ವಲ್ಪ ಸೊಟ್ಟ ಮಾಡಬಹುದು ಅಷ್ಟೆ.

ರೂಮಿಗೆ ಹೋದಮೇಲೆ ಟೀವಿ ನೋಡಬೇಡಿ, ಕನ್ನಡಿ ನೋಡಬೇಡಿ. ಬಾಗಿಲು, ಕಿಟಕಿ ಹಾಕಿ. ಫ್ಯಾನು ಆಫ್ ಮಾಡಿ. ಎರಡು ನಿಮಿಷ ಸುಮ್ನೆ ನಿಲ್ಲಿ. ಹುಡುಗ ಒಳಗೆ ಬಂದ ತಕ್ಷಣ ಫ್ಯಾನ್ ಫುಲ್ ಹಾಕುವುದು ಸುಮ್ಮನೆ ಅಲ್ಲ, ಫ್ಯಾನಿನ ಗರಗರದಲ್ಲಿ ಮಿಕ್ಕ ಸದ್ದೆಲ್ಲಾ ಮುಚ್ಚಿಹೋಗುತ್ತದೆ. ಇದು ನನಗೆ ನಮ್ಮ ಹಳೇ ಮ್ಯಾನೇಜರು ಹೇಳಿಕೊಟ್ಟದ್ದು.

ಹಿಂದಿನ ಸೈಡು ಅಂದರೆ ಎಲ್ಲವೂ ಒಳ್ಳೆಯದು ಅಂತಲ್ಲ. ಕೆಳಗೆ ಅಡುಗೆಮನೆ ಇದ್ದರೆ ನಾಲ್ಕೂವರೆಗೆ ಪಾತ್ರೆ ಸದ್ದು ಶುರು. ಜನರೇಟರ್ ಎಲ್ಲಿಟ್ಟಿದ್ದಾರೆ ಅಂತ ಕೇಳಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಜಾಸ್ತಿ, ಅದು ಕಿಟಕಿ ಕೆಳಗಿದ್ದರೆ ಎದೆಯ ಮೇಲೆ ಟ್ರ್ಯಾಕ್ಟರ್ ಓಡಿದ ಹಾಗೆ. ತೀರಾ ಮೇಲಿನ ಫ್ಲೋರೂ ಬೇಡ, ನೀರಿನ ಟ್ಯಾಂಕ್ ತುಂಬಿ ಸುರಿಯುವುದು ತಲೆ ಮೇಲೇ ಕೇಳುತ್ತದೆ.

ಇನ್ನೊಂದು. ಜುಲೈನಲ್ಲಿ ಹಾಸಿಗೆಗೆ ಮೂಗು ಹಚ್ಚಿ ನೋಡಿ. ಮುಗ್ಗಲು ವಾಸನೆ ಇದ್ದರೆ ಬೇರೆ ರೂಮು ಕೇಳಿ. ಅದು ಮೂರು ದಿನಕ್ಕೂ ಹೋಗುವುದಿಲ್ಲ.

ಮೆಟ್ಟಿಲುಸಾವಿರ (ಮೈಸೂರು)

ಫ್ಯಾನ್ ವಿಷಯ ಕೇಳಿ ತಲೆ ತಿರುಗಿತು. ಇಷ್ಟು ವರ್ಷ ಮರ್ಯಾದೆಗೆ ಹಾಕುತ್ತಾರೆ ಅಂದುಕೊಂಡಿದ್ದೆ.

ಲೆಕ್ಕದಮೇಷ್ಟ್ರು (ಮಂಡ್ಯ)

ನಾನು ನಿದ್ದೆ ಬಿಟ್ಟು ದುಡ್ಡಿನ ಮಾತಾಡುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5 ಆಗಿದೆ. ಮೊದಲು ಶೇ. 12 ಇತ್ತು. ಈಗಲೂ ಯಾರಾದರೂ ಹಳೇ ಲೆಕ್ಕದಲ್ಲಿ 12 ಹಾಕಿದರೆ ಬಿಲ್ ಕೈಲಿ ಹಿಡಿದು ಕೇಳಿ. ಬಿಲ್ಲೇ ಕೊಡದೆ ಟ್ಯಾಕ್ಸ್ ತಗೊಂಡರೆ ಅದು ಟ್ಯಾಕ್ಸ್ ಅಲ್ಲ ತಾಯಿ, ಕಾಣಿಕೆ.

ಚೆಕ್‌ಔಟ್ 24 ಗಂಟೆಯದಾ, ಮಧ್ಯಾಹ್ನ 12ರದಾ ಅಂತ ಮೊದಲೇ ಕೇಳಿ. ರಾತ್ರಿ ಬಸ್ಸಿನಲ್ಲಿ ಹೋಗಿ ಐದಕ್ಕೆ ರೂಮು ಹಿಡಿಯುವವರಿಗೆ ಇದು ದೊಡ್ಡ ವಿಷಯ. 12 ಗಂಟೆ ಪದ್ಧತಿ ಇರುವ ಕಡೆ ಮೊದಲ ಏಳು ಗಂಟೆಗೇ ಒಂದು ದಿನದ ಬಾಡಿಗೆ ಬೀಳಬಹುದು.

ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಅದನ್ನೇ ಕೊಡಿ. ಹದಿನೆಂಟು ತುಂಬಿದ್ದರೆ ಮಗಳದ್ದೂ ಇಟ್ಟುಕೊಂಡಿರಿ.

ನಾಲೆದಡ (ಪಾಂಡವಪುರ)

ಇಷ್ಟು ಜನ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಹಳೇರಿಸೆಪ್ಷನ್ ಅಣ್ಣ, ನೀವು ಬರೆದದ್ದನ್ನು ನಮ್ಮವರಿಗೆ ಓದಿ ಹೇಳಿದೆ. "ಆವಯ್ಯನಿಗೆ ಗೊತ್ತು ಕಣೆ" ಅಂದರು. ಅವರು ಯಾರನ್ನೂ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ.

ಊಟದ ಕತೆ ಏನು? ನಮ್ಮವರಿಗೆ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೆ ಅನ್ನಿಸುವುದಿಲ್ಲ. ರಾಗಿಹಿಟ್ಟು ಒಯ್ಯಲಾ ಅಂತ ಯೋಚಿಸುತ್ತಿದ್ದೇನೆ.

ಕುಡ್ಲದಸೊಸೆ

ಹಿಟ್ಟು ತಂದು ಲಾಡ್ಜಲ್ಲಿ ಎಲ್ಲಿ ತಿರುವುತ್ತೀರಿ ಅಕ್ಕ? ಬಿಡಿ.

ಊಟಕ್ಕೆ ಕೂತಾಗ ಒಂದು ಗಮನಿಸಿ. ಇಲ್ಲಿ ಅನ್ನ ಅಂದರೆ ಹಲವು ಕಡೆ ಕುಚ್ಚಲಕ್ಕಿ ಬಡಿಸುತ್ತಾರೆ. ದಪ್ಪ, ಕೆಂಪು, ಬಾಯಲ್ಲಿ ಉರುಳುವ ಅನ್ನ. ನಾನು ಮೊದಲ ವರ್ಷ ಬೆಂದಿಲ್ಲ ಅಂತ ಅತ್ತೆಯ ಮುಂದೆ ಹೇಳಿ ಮಾನ ಕಳೆದುಕೊಂಡೆ. ನಮ್ಮ ಥರದ ಅನ್ನ ಬೇಕಾದರೆ "ಬೆಳ್ತಿಗೆ ಉಂಟಾ?" ಅಂತ ಕೇಳಿ. ಆದರೆ ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿಯೇ ಒಗ್ಗುತ್ತದೆ, ಸಂಜೆವರೆಗೆ ಹಸಿವಾಗುವುದಿಲ್ಲ. ಬೆಳಗ್ಗೆ ಬನ್ಸ್ ತಿನ್ನಿ. ಬೇಕರಿ ಬನ್ನು ಅಲ್ಲ, ಬಾಳೆಹಣ್ಣು ಹಾಕಿ ಕಲಸಿ ಕರಿದ ಪೂರಿ. ಸಂಜೆ ಮಳೆ ಹೊಡೆಯುವಾಗ ಗೋಳಿಬಜೆ.

ಮೀನು ತಿನ್ನುವವರಾದರೆ ಈಗ ಸಮಯ ಸರಿಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಹುಚ್ಚು. ನಾಡದೋಣಿಯವರು ತಂದದ್ದು, ಹೊರಗಿನಿಂದ ಬಂದದ್ದು ಸಿಗುತ್ತದೆ, ರೇಟು ಕೇಳಿದರೆ ಬಂಗುಡೆಯೂ ಬಂಗಾರ.

ನೈಟ್‌ಬಸ್‌ಕಿಟಕಿ (ಮೈಸೂರು)

ಬಸ್ಸಾ ರೈಲಾ ಅಂತ ಯಾರೂ ಹೇಳಲಿಲ್ಲ. ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮೇಲೆ ಸುಮಾರು 250 ಕಿ.ಮೀ. ರಾತ್ರಿ ಬಸ್ಸು ಆರೇಳು ಗಂಟೆ ತಗೊಳ್ಳುತ್ತದೆ. ಸಂಪಾಜೆ ಘಾಟಿಯಲ್ಲಿ ತಿರುವು ಜಾಸ್ತಿ, ವಾಂತಿ ಆಗುವವರು ಮುಂದೆ ಕೂರಿ. ಜೋರು ಮಳೆ ಇದ್ದರೆ ಹೊರಡುವ ಮೊದಲು ರಸ್ತೆ ಹೇಗಿದೆ ಅಂತ ವಿಚಾರಿಸಿ, 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಈ ದಾರಿಯೇ ನಿಂತುಹೋಗಿತ್ತು.

ರೈಲು ಸಕಲೇಶಪುರದ ಮೇಲೆ ಹೋಗುತ್ತದೆ. ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ. ರಾತ್ರಿ ಹೋದರೆ ಸುರಂಗವೂ ಕತ್ತಲೆ, ಹೊರಗೂ ಕತ್ತಲೆ, ಎಣಿಸಲು ಹೋಗಿ ನಾನು ಎರಡಕ್ಕೇ ಮಲಗಿದೆ.

ಒಂಟಿಕೊಪ್ಪಲ್‌ಹುಡುಗ

ಇನ್ನೊಂದು ನೆನಪಾಯಿತು. ಇದು ಅಕ್ಕನಿಗಲ್ಲ, ನಮ್ಮ ಮೈಸೂರಿನವರಿಗೆ.

ದಸರಾ ಸಮಯದಲ್ಲಿ ನಮ್ಮೂರಲ್ಲಿ ಇರಲಾಗುವುದಿಲ್ಲ ಅಂತ ಒಂದು ವರ್ಷ ಜಂಬೂಸವಾರಿ ದಿನ ತಪ್ಪಿಸಿಕೊಂಡು ಮಂಗಳೂರಿಗೆ ಹೋದೆ. ಮನೆ ತುಂಬಾ ನೆಂಟರು, ಸಯ್ಯಾಜಿರಾವ್ ರಸ್ತೆ ದಾಟುವ ಹಾಗಿಲ್ಲ, ಸಾಕಾಗಿತ್ತು. ಅಲ್ಲಿ ಊಟ ಮಾಡಿ ಮಲಗಿದೆ. ರಾತ್ರಿ ಹತ್ತಕ್ಕೆ ಡೋಲು, ತಾಸೆ, ಬ್ಯಾಂಡು. ಕಿಟಕಿಯಲ್ಲಿ ಇಣುಕಿದರೆ ಹುಲಿವೇಷ! ಕುದ್ರೋಳಿ ದಸರಾ ಮೆರವಣಿಗೆ, ನವದುರ್ಗೆಯರು, ಶಾರದೆ, ಟ್ಯಾಬ್ಲೋ ಎಲ್ಲಾ ಸಾಲಾಗಿ ನನ್ನ ಲಾಡ್ಜಿನ ಕೆಳಗೇ ಬರುತ್ತಿದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನದ್ದು. ನಮ್ಮದು ಹಗಲಿಗೆ ಮುಗಿದು ಪಂಜಿನ ಕವಾಯತಿಗೆ ಹೋಗುತ್ತದೆ, ಅವರದು ಬೆಳಗಿನವರೆಗೆ. ಕೊನೆಗೆ ನಾನೂ ಚಪ್ಪಲಿ ಮೆಟ್ಟಿಕೊಂಡು ಇಳಿದೆ.

ಕುಡ್ಲದಸೊಸೆ

ಅದನ್ನು ಯಾರಾದರೂ ಮಲಗಿ ಕಳೆಯುತ್ತಾರಾ? ಒಳ್ಳೇದೇ ಆಯಿತು ಬಿಡಿ.

ಅಕ್ಕ, ಹಗಲು ಹೊತ್ತು ಪುರುಸೊತ್ತಾದರೆ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿಗೆ ಹೋಗಿ ಕೂತು ಬನ್ನಿ. ಗೋಡೆ, ಮಾಳಿಗೆ ಎಲ್ಲಾ ಚಿತ್ರ. ಇಟಲಿಯಿಂದ ಬಂದ ಅಂಟೋನಿಯೋ ಮೊಸ್ಕೆನಿ ಸುಮಾರು 1900ರಲ್ಲಿ ಬರೆದದ್ದು. ಹೊರಗೆ ಬಸ್ಸುಗಳ ಕೂಗಾಟ, ಒಳಗೆ ಚಪ್ಪಲಿ ಸದ್ದೂ ಕೇಳುತ್ತದೆ.

ನಾಲೆದಡ (ಪಾಂಡವಪುರ), ಜುಲೈ 18

ಹೋಗಿ ಬಂದೆವು. ಕೇಳಿದವರಿಗೆಲ್ಲಾ ಒಟ್ಟಿಗೆ ಬರೆಯುತ್ತಿದ್ದೇನೆ.

12ನೇ ತಾರೀಕು ಬೆಳಗಿನ ಜಾವ ಐದಕ್ಕೆ ಬಿಜೈಯಲ್ಲಿ ಇಳಿದೆವು. ಮಳೆ ಅಂದರೆ ಮಳೆ. ನಮ್ಮ ಕಡೆ ಇಡೀ ತಿಂಗಳು ಬರುವುದನ್ನು ಅಲ್ಲಿ ಬಸ್ಸಿಳಿದು ಆಟೋ ಹತ್ತುವಷ್ಟರಲ್ಲಿ ಸುರಿಯಿತು. ಮೂರು ಬ್ಯಾಗು, ಒಂದು ಹಾಸಿಗೆ ಸುರುಳಿ, ಬಕೆಟ್ಟಿನೊಳಗೆ ಮಗ್ಗು, ಅದರೊಳಗೆ ಉಪ್ಪಿನಕಾಯಿ ಬಾಟಲಿ. ಕದ್ರಿ ಕಡೆಯ ಒಳರಸ್ತೆಯಲ್ಲಿ ಒಂದು ಲಾಡ್ಜಿಗೆ ಫೋನ್ ಮಾಡಿ ಇಟ್ಟಿದ್ದೆ.

ಅಣ್ಣ ಹೇಳಿದ ಹಾಗೇ ಆಯಿತು. ಒಂದನೇ ಫ್ಲೋರಿನ ಮುಂದಿನ ಕೀ ಕೊಟ್ಟರು. ನಾನು "ಹಿಂದಿನ ಸೈಡು ಅಂತ ಫೋನಲ್ಲಿ ಹೇಳಿದ್ದೆನಲ್ಲ" ಅಂದೆ. ಬರೆದುಕೊಂಡಿರಲಿಲ್ಲ! ಹುಡುಗ ಮುಖ ಸೊಟ್ಟ ಮಾಡಿಕೊಂಡು ಮೂರನೇ ಫ್ಲೋರಿಗೆ ಕರೆದೊಯ್ದ. ಒಳಗೆ ಕಾಲಿಟ್ಟವನೇ ಫ್ಯಾನು ಫುಲ್ ಹಾಕಿದ. ನಮ್ಮವರು ಮಾತಿಲ್ಲದೆ ಹೋಗಿ ಆಫ್ ಮಾಡಿ, ಕೈಕಟ್ಟಿ ಕಣ್ಣುಮುಚ್ಚಿ ನಿಂತರು. ಮಗಳು ನಗು ತಡೆಯಲಾರದೆ ಹೊರಗೆ ಓಡಿದಳು. ಹುಡುಗ ನನ್ನ ಮುಖ ನೋಡಿದ, ಪೂಜೆಯೇನೋ ಅಂದುಕೊಂಡಿರಬೇಕು.

ಬಸ್ಸಿನ ಸದ್ದಿಲ್ಲ, ಜನರೇಟರ್ ಇಲ್ಲ, ಅಡುಗೆಮನೆಯೇ ಇಲ್ಲದ ಲಾಡ್ಜು. ಆದರೆ ಕಿಟಕಿ ಕೆಳಗೆ ಪಕ್ಕದವರ ಗ್ಯಾರೇಜು, ಅದಕ್ಕೆ ಉದ್ದಕ್ಕೂ ತಗಡಿನ ಶೀಟು. ಮಳೆ ಅದರ ಮೇಲೆ ಬಿದ್ದು ಭೋರ್ ಅನ್ನುತ್ತಿತ್ತು. ಮಾತಾಡಿದರೆ ಕೇಳಿಸದಷ್ಟು. ಹುಡುಗನೇ "ಬೇರೆ ರೂಮು ಕೊಡ್ತೇನೆ, ಇದು ಮಳೆಗೆ ಆಗುದಿಲ್ಲ" ಅಂದ. ನಾನೂ ಹೊರಡಲು ಬ್ಯಾಗು ಎತ್ತಿದೆ. ತಿರುಗಿ ನೋಡಿದರೆ ಇವರು ಮಂಚದ ಮೇಲೆ ಕೂತು ಚಪ್ಪಲಿ ಬಿಚ್ಚಿದ್ದಾರೆ. "ತೂಬು ಬಿಟ್ಟಂಗಿದೆ, ಇರ್ಲಿ ಬಿಡೆ" ಅಂದರು. ಐದು ನಿಮಿಷಕ್ಕೆ ಗೊರಕೆ.

ಬಾಡಿಗೆ ದಿನಕ್ಕೆ 1,300, ಎಕ್ಸ್‌ಟ್ರಾ ಹಾಸಿಗೆಗೆ 200. ಮೂರು ದಿನಕ್ಕೆ 4,500, ಟ್ಯಾಕ್ಸ್ 225, ಒಟ್ಟು 4,725. ಶೇ. 5ರ ಲೆಕ್ಕವೇ ಇತ್ತು ಮೇಷ್ಟ್ರೆ. 24 ಗಂಟೆ ಪದ್ಧತಿ, ಹಾಗಾಗಿ 15ರ ಬೆಳಗ್ಗೆ ಐದೂವರೆಗೆ ಹೊರಟು ಹಗಲು ಬಸ್ಸು ಹಿಡಿದೆವು. ಕುಚ್ಚಲಕ್ಕಿ ಇವರಿಗೆ ಹಿಡಿಸಿತು, ನನಗೆ ಇಲ್ಲ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗಲಿಲ್ಲ, ಒದ್ದೆಯದನ್ನೇ ಕವರಿಗೆ ಹಾಕಿಕೊಂಡು ಬಂದೆ.

13ರ ಸಂಜೆ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ ಎಕ್ಸ್‌ಟ್ರಾ ಹಾಸಿಗೆ ಖಾಲಿ. ತೆಗೆದುಕೊಂಡು ಹೋಗಪ್ಪ ಅಂತ ಹುಡುಗನಿಗೆ ಹೇಳಿದ್ದರೆ 400 ರೂಪಾಯಿ ಉಳಿಯುತ್ತಿತ್ತು. ಹೇಳಲಿಲ್ಲ. ಆ ಎರಡು ರಾತ್ರಿ ಇವರು ಮಲಗಿದರು, ನಾನು ತಗಡಿನ ಸದ್ದು ಕೇಳುತ್ತಾ ಎದ್ದಿದ್ದೆ.

ಲೆಕ್ಕದಮೇಷ್ಟ್ರು (ಮಂಡ್ಯ)

400 ಅಲ್ಲ ತಾಯಿ, ಟ್ಯಾಕ್ಸ್ ಸೇರಿ 420. ಆದರೆ ಇದನ್ನು ನಾನು ಬೈಯುವುದಿಲ್ಲ.

ಹಳೇರಿಸೆಪ್ಷನ್ (ಕೆ.ಆರ್. ಪೇಟೆ)

ತಗಡು ಕೆಳಗಿರುವ ರೂಮನ್ನು ಜೂನ್ ಬಂತೆಂದರೆ ನಾವು ಯಾರಿಗೂ ಕೊಡುತ್ತಿರಲಿಲ್ಲ ಅಕ್ಕ. ದೂರು ಬರುತ್ತಿತ್ತು. ಹಳೇ ಹಾಸಿಗೆ, ಮುರಿದ ಕುರ್ಚಿ ತುಂಬಿಡುತ್ತಿದ್ದೆವು. ಹನ್ನೊಂದು ವರ್ಷದಲ್ಲಿ ಅಂಥ ರೂಮು ಬೇಕು ಅಂದವರು ನಿಮ್ಮ ಯಜಮಾನರೊಬ್ಬರೇ.

ನಾಲೆದಡ (ಪಾಂಡವಪುರ)

ಗಣೇಶನ ಹಬ್ಬ ಕಳೆದ ಮೇಲೆ ಮಗಳನ್ನು ನೋಡಲು ಮತ್ತೆ ಹೋಗುತ್ತೇವೆ. ಅದೇ ರೂಮಿಗೆ ಈಗಲೇ ಫೋನ್ ಮಾಡು ಅಂತಿದ್ದಾರೆ. ಆಗ ಮಳೆ ಇರಬೇಕಲ್ಲ ಅಂದೆ. ಅದನ್ನೂ ಅಲ್ಲಿ ವಿಚಾರಿಸು ಅಂತಾರೆ.